ಬುಡ ಬ್ರಹ್ಮಾವರಕ್ಕೆ, ತುದಿ ಬೈಂದೂರಿಗೆ

ಗುಲ್ವಾಡಿಯ ಹೊಳೆಬದಿಯಲ್ಲಿ ಕುಷ್ಟ ಬೋರ್ಡು ಹಾಕಿದ ಮೊದಲ ದಿನವೇ ಒಬ್ಬರು ಸೈಕಲ್ಲು ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ‘ಇಲ್ಲಿ ರತ್ನಗಂಬಳಿಗಳನ್ನು ತೊಳೆದು, ದುರಸ್ತಿ ಮಾಡಿಕೊಡಲಾಗುವುದು.’

“ಹ್ವಾಯ್, ಯಾವ ರತ್ನನ ಕಂಬ್ಳಿ ಮರಾಯ್ರೆ ಇದ್?”

ಕುಷ್ಟ ಉತ್ತರ ಹುಡುಕುವಷ್ಟರಲ್ಲಿ ಒಳಗಿನಿಂದ ಹೆಂಡತಿ ವನಜ ಕೂಗಿದಳು: “ಯಾರದ್ದಾರೂ ಅಡ್ಡಿಲ್ಲೆ, ತಕಂಡ್ ಬಪ್ಪುಕ್ ಹೇಳಿ!”

ಅದು ಎರಡು ಸಾವಿರದ ನಾಲ್ಕನೇ ಇಸವಿ. ಕುಷ್ಟನಿಗೆ ಆಗ ನಲವತ್ತೊಂದು. ಮೂಲ ಮರವಂತೆ. ಅಪ್ಪನಿಗೆ ಬಲೆ ಕಟ್ಟುವ ಕೆಲಸ. ಹರಿದ ಬಲೆ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಗಂಟು ಹಾಕುವುದನ್ನು ಕುಷ್ಟ ಅಕ್ಷರಕ್ಕಿಂತ ಮೊದಲು ಕಲಿತಿದ್ದ. ಹದಿನೇಳಕ್ಕೆ ಮುಂಬಯಿ ಬಸ್ಸು ಹತ್ತಿ, ಮೀನಿನ ಬಂದರಿನಲ್ಲಿ ಬಲೆ ರಿಪೇರಿ ಮಾಡುತ್ತಿದ್ದಾಗ ಅವನ ಬೆರಳುಗಳ ಓಟವನ್ನು ಒಬ್ಬ ಇರಾನಿ ಮುದುಕ ಕಂಡ. ಮಜಗಾಂವ್‌ನಲ್ಲಿ ರತ್ನಗಂಬಳಿ ತೊಳೆಯುವ ಕಾರ್ಖಾನೆ ಆತನದು. “ಈ ಬೆರಳನ್ನು ಮೀನಿಗೆ ಯಾಕೆ ಹಾಳು ಮಾಡುತ್ತೀ?” ಎಂದು ಕರೆದುಕೊಂಡು ಹೋದವನು ಇಪ್ಪತ್ತು ವರ್ಷ ಬಿಡಲಿಲ್ಲ. ಮುದುಕ ತೀರಿಹೋಗಿ, ಕಾರ್ಖಾನೆಯ ಜಾಗದಲ್ಲಿ ಇಪ್ಪತ್ತೆರಡು ಮಾಳಿಗೆ ಎದ್ದ ಮೇಲೆಯೇ ಕುಷ್ಟ ಊರಿಗೆ ಬಂದದ್ದು. ಅಷ್ಟರಲ್ಲಿ ಮರವಂತೆಯ ಮನೆಯ ಅಂಗಳವನ್ನು ಕಡಲು ತಿಂದು ಮುಗಿಸಿತ್ತು. ಹಾಗಾಗಿ ಹೆಂಡತಿಯ ತವರು ಗುಲ್ವಾಡಿಯಲ್ಲಿ ಬಿಡಾರ.

ಅವನಿಗೂ ಅದೇ ಬೇಕಿತ್ತು. ಒಳ್ಳೆಯ ರತ್ನಗಂಬಳಿಗೆ ಬೇಕಾದದ್ದು ಸೋಪಲ್ಲ, ಸಿಹಿನೀರು. ವಾಷಿಂಗ್ ಸೋಡಾ ಬಿದ್ದರೆ ಉಣ್ಣೆ ಸುಟ್ಟ ಹಾಗೆ ಒರಟಾಗುತ್ತದೆ, ಉಪ್ಪುನೀರು ಒಣಗಿದರೆ ಬಣ್ಣ ಮಂಕಾಗುತ್ತದೆ. ಕುಷ್ಟ ಹೊಳೆಗೆ ಇಳಿಜಾರಾಗಿ ಸಿಮೆಂಟಿನ ಕಟ್ಟೆ ಕಟ್ಟಿಸಿದ. ಅಂಟುವಾಳದ ಕಾಯಿ ಒಟ್ಟುಹಾಕಿದ. ನೀರು ಹಿಂಡಲು ಹಲಸಿನ ಮರದ ಹಲಗೆ ಕೆತ್ತಿಸಿದ. ಹೊಳೆಗೆ ಬೇಸಿಗೆಯಲ್ಲಿ ಕಡಲಿನ ಉಪ್ಪು ಏರುವುದರಿಂದ ದಿನ ಬೆಳಿಗ್ಗೆ ವನಜ ಒಂದು ಬೊಗಸೆ ನೀರು ಬಾಯಿಗೆ ಹಾಕಿ, ಮುಕ್ಕಳಿಸಿ, ತೀರ್ಪು ಕೊಡುತ್ತಿದ್ದಳು. ಮೀನು ಮಾರುವವರ ಮನೆಯಲ್ಲಿ ಹುಟ್ಟಿದವಳು. ಅವಳ ನಾಲಿಗೆ ತಪ್ಪುವುದೆಂದಿಲ್ಲ, ರುಚಿಯಲ್ಲೂ ಮಾತಿನಲ್ಲೂ.

ಮೊದಲ ವರ್ಷ ಬಂದದ್ದು ಚಾಪೆ, ಕುರಿಕಂಬಳಿ, ಒಬ್ಬರದು ಕಾರಿನ ಸೀಟಿನ ಕವರು. ಆಮೇಲೆ ಕುಂದಾಪುರ, ಕೋಟೇಶ್ವರದ ಕಡೆ ಮುಂಬಯಿ ಹೋಟೆಲಿನವರು, ದುಬೈಯವರು ಕಟ್ಟಿಸಿದ ಮನೆಗಳಿಂದ ಒಂದೊಂದೇ ಅಸಲಿ ಕಂಬಳಿ ಹೊರಬಿತ್ತು. ನಾಲ್ಕು ವರ್ಷದಲ್ಲಿ ಕುಷ್ಟನ ಹೆಸರು ಹೆದ್ದಾರಿಯ ಉದ್ದಕ್ಕೆ ಓಡಾಡತೊಡಗಿತು.

ಎರಡು ಸಾವಿರದ ಎಂಟರ ಡಿಸೆಂಬರಿನಲ್ಲಿ ಬ್ರಹ್ಮಾವರದಿಂದ ಒಂದು ಓಮ್ನಿ ಬಂತು. ಇಳಿದವರು ಸುಧಾಕರ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದ್ದೇ ಮುಖ. ಸುರುಳಿ ಬಿಚ್ಚಿದ ಕೂಡಲೇ ಕುಷ್ಟ ಮಂಡಿಯೂರಿ ಕೂತುಬಿಟ್ಟ. ಕೊಳೆಯಲ್ಲಿ ಮುಳುಗಿದ್ದರೂ ಅದರ ಜಾತಿ ಅಡಗಿರಲಿಲ್ಲ. ಹಿಂಬದಿ ತಿರುಗಿಸಿ ನೋಡಿದ; ಬೆರಳಗಲದಲ್ಲಿ ಹತ್ತಿಪ್ಪತ್ತು ಗಂಟು, ಒಂದರ ಪಕ್ಕ ಒಂದು, ಇರುವೆಗಳು ಸಾಲುಗಟ್ಟಿದ ಹಾಗೆ. ಕೆಂಪು ನೆಲದ ಮೇಲೆ ನೀಲಿ ಕುಂಡ, ಕುಂಡದಿಂದ ಮೇಲೇಳುವ ಮರದ ಕಾಂಡ. ಕಾಂಡ ನಡುವಿಗೆ ಬಂದು, ಇದ್ದಕ್ಕಿದ್ದಂತೆ ಮುಗಿದುಹೋಗಿತ್ತು. ಆ ಅಂಚನ್ನು ಯಾರೋ ಗೋಣಿದಾರದಲ್ಲಿ ಒರಟಾಗಿ ಹೊಲಿದಿದ್ದರು.

“ಒಡೆಯಾ, ಇದ್ ಬುಡ ಮಾತ್ರ. ಮರದ ತುದಿ ಎಲ್ಲಿತ್ತ್?”

ಸುಧಾಕರರು ಹೊಳೆಯ ಕಡೆ ನೋಡಿದರು. “ಇಪ್ಪುದ್ ಅಷ್ಟೇ. ತೊಳುಕ್ ಆತ್ತಾ, ಇಲ್ಯಾ?”

“ಆತ್ತ್.”

“ಮತ್ತೆ ತುದಿ ಕಟ್ಕಂಡ್ ನಿಂಗ್ ಎಂತ ಆಯ್ಕ್?”

ಕುಷ್ಟ ಕಂಬಳಿಯನ್ನು ಬೋರಲು ಹಾಕಿ ಕೋಲಿನಿಂದ ಬಡಿದಾಗ ಒಂದು ಸೇರು ಧೂಳು ಉದುರಿತು. ಒದ್ದೆಯ ಬಿಳಿ ಬಟ್ಟೆಯನ್ನು ಪ್ರತಿ ಬಣ್ಣದ ಮೇಲೂ ಒತ್ತಿಹಿಡಿದು ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷೆ ಮಾಡಿದ. ಕೆಂಪು ಒಂಚೂರು ಜಾರಿತು, ಅದಕ್ಕೆ ಮೊದಲು ವಿನೆಗರಿನ ನೀರು ಕುಡಿಸಿದ. ಆಮೇಲೆ ಅಂಟುವಾಳದ ನೊರೆ, ಹಲಗೆಯಿಂದ ಉಣ್ಣೆ ಮಲಗಿದ ದಿಕ್ಕಿಗೇ ನೀರು ಹಿಂಡುವುದು, ಮತ್ತೆ ಸಿಹಿನೀರು. ಕಟ್ಟೆಯಿಂದ ಇಳಿದ ನೀರು ಮೊದಲು ಕಾಫಿಯಂತೆ, ಆಮೇಲೆ ಚಹಾದಂತೆ, ಕೊನೆಗೆ ನೀರಿನಂತೆ ಹರಿಯಿತು. ಮೂರು ದಿನ ನೆರಳಲ್ಲಿ ಒಣಗಿದ ಮೇಲೆ ಕೆಂಪು ನೆಲ ದಾಸವಾಳ ಬಿರಿದಂತೆ ಕಂಡಿತು.

ತೆಗೆದುಕೊಂಡು ಹೋಗಲು ಬಂದ ಸುಧಾಕರರು ಅದರೆದುರು ಬಹಳ ಹೊತ್ತು ನಿಂತರು. “ಅಪ್ಪಯ್ಯ ತಂದಾಗ ಹೀಂಗೇ ಇದ್ದಿತ್,” ಎಂದಷ್ಟೇ ಹೇಳಿ ಓಮ್ನಿ ಹತ್ತಿದರು.

ಜನವರಿಯ ಕೊನೆಗೆ ಬೈಂದೂರಿನಿಂದ ಒಬ್ಬರು ಹೆಂಗಸು ಆಟೋದಲ್ಲಿ ಬಂದರು. ಅರವತ್ತೆಂಟರ ಆಸುಪಾಸು. ಸುಗುಣ ಟೀಚರು ಎಂದರೆ ಬೈಂದೂರಿನ ಅರ್ಧ ಊರು ಈಗಲೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. “ಹನ್ನೊಂದ್ ವರ್ಷ ಪೆಟ್ಟಿಗೆ ಒಳ್ಗ್ ಇದ್ದಿತ್. ಮೊನ್ನೆ ತೆಗ್ದ್ ಕಂಡ್ರೆ ಹುಳ ಹಿಡ್ದಿತ್,” ಎನ್ನುತ್ತ ಸುರುಳಿ ಬಿಚ್ಚಿಸಿದರು.

ಕೆಂಪು ನೆಲದ ಮೇಲೆ ಕೊಂಬೆಗಳು ಹರಡಿದ್ದವು. ಕೊಂಬೆ ತುಂಬ ದಾಳಿಂಬೆ, ದಾಳಿಂಬೆಯ ನಡುವೆ ಹಳದಿ ಹಕ್ಕಿಗಳು. ಕೊಂಬೆಗಳ ಕೆಳಗೆ ಮರವೇ ಇರಲಿಲ್ಲ. ಗೋಣಿದಾರದ ಅದೇ ಹೊಲಿಗೆ.

ಚಹಾ ತಂದ ವನಜ ಒಮ್ಮೆ ಕಂಬಳಿ ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. ಕುಷ್ಟ ಕಣ್ಣಿನಲ್ಲೇ ‘ಬೇಡ’ ಎಂದ. ವನಜಳಿಗೆ ಕಣ್ಣಿನ ಭಾಷೆ ಎಂದೂ ಅರ್ಥವಾದದ್ದಿಲ್ಲ.

“ಇದ್ರ ಬುಡ ನಾವ್ ತೊಳ್ದ್ ಕೊಟ್ಟಿತ್ ಟೀಚರೆ. ಬ್ರಹ್ಮಾವರದ್ದ್.”

ಟೀಚರ ಕೈಯ ಲೋಟ ಅರ್ಧದಲ್ಲಿ ನಿಂತಿತು. “ಹಾಂ. ಅಂವ ತೊಳ್ಸುಕೂ ಕೊಟ್ನಾ? ಕೊಡ್ಲಿ. ನಂಗೆಂತ.” ಆದರೆ ಚಹಾ ಮುಗಿಯುವಷ್ಟರಲ್ಲಿ ಕತೆಯೆಲ್ಲ ಅವರೇ ಹೇಳಿದರು. ಸುಧಾಕರ ಅವರ ತಮ್ಮ. ಅಪ್ಪ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು. ಯಾವುದೋ ಇರಾನಿ ಬಂದರಿನಲ್ಲಿ ಕೊಂಡ ಕಂಬಳಿಯನ್ನು ಬಸ್ರೂರಿನ ಮನೆಯವರೆಗೆ ತಲೆಯ ಮೇಲೆ ಹೊತ್ತು ತಂದಿದ್ದರು. ತೊಂಬತ್ತೇಳರಲ್ಲಿ ಮನೆ ಪಾಲಾಯಿತು. ಗದ್ದೆ, ತೋಟ, ಕಂಚಿನ ಪಾತ್ರೆ ಎಲ್ಲ ತಕರಾರಿಲ್ಲದೆ ಹಂಚಿಹೋಗಿ, ಕೊನೆಗೆ ಉಳಿದದ್ದು ಇದು. ಇಬ್ಬರಿಗೂ ಬೇಕು.

“ನಾನ್ ಸಿಟ್ಟಂಗ್ ಅಂದೆ, ಹಂಗಾರೆ ತುಂಡ್ ಮಾಡಿ ಅಂದೇಳಿ. ಅಂವ ಬ್ಯಾಡ ಅಂತ ಅಂದ್ಕಂಡೆ. ಅಂವ ಆಯ್ಲಿ ಅಂದ. ನಾನ್ ಬ್ಯಾಡ ಅಂತೆ ಅಂತ ಅಂವ ಅಂದ್ಕಂಡಿದ್ನೋ ಏನೋ. ತಿಮ್ಮ ಅಂತ ನಮ್ಮ ಆಳ್, ಪಾಪದಂವ, ಹೇಳ್ದಂಗೆ ಕೇಂಬ್ದ್ ಬಿಟ್ರೆ ಬೇರೆ ಗೊತ್ತಿಲ್ಲ. ಕತ್ತಿ ತಂದ, ಮಡ್ಸದ, ಕೊಯ್ದ. ಇಬ್ರೂ ಕಾಣ್ತಾ ನಿಂತ್ಕಂಡಿದ್ದೊ.”

ಆಮೇಲೆ ಅಕ್ಕ ತಮ್ಮಂದಿರ ನಡುವೆ ಮಾತಿಲ್ಲ. ಮದುವೆಗಳಲ್ಲಿ ಕಂಡರೆ ಒಬ್ಬರು ಮೊದಲ ಪಂಕ್ತಿ, ಇನ್ನೊಬ್ಬರು ಮೂರನೇ ಪಂಕ್ತಿ.

ಕುಷ್ಟನ ತೊಂದರೆ ಬೇರೆಯೇ ಇತ್ತು. ತೊಳೆಯುವುದೇನೋ ತೊಳೆದ. ಆದರೆ ಹುಳ ತಿಂದು ಬಿಟ್ಟ ಏಳೆಂಟು ಬೋಳು ಜಾಗ ತುಂಬಲು ಅದೇ ಕೆಂಪಿನ ಉಣ್ಣೆ ಬೇಕು. ಐವತ್ತು ವರ್ಷ ಹಳೆಯ, ಗಿಡದ ಬೇರಿನಿಂದ ತೆಗೆದ ಬಣ್ಣ; ಅಂಗಡಿಯ ಉಣ್ಣೆ ಹಾಕಿದರೆ ತೇಪೆ ಮೈಲಿ ದೂರಕ್ಕೆ ಕಾಣುತ್ತದೆ. ಟೀಚರ ಅರ್ಧದ ಅಂಚಿನ ಸಡಿಲ ಗಂಟುಗಳನ್ನು ಹುಳ ಮೊದಲೇ ಮುಗಿಸಿತ್ತು. ಆ ಕೆಂಪು ಜಗತ್ತಿನಲ್ಲಿ ಇನ್ನೊಂದೇ ಕಡೆ ಇತ್ತು: ಬ್ರಹ್ಮಾವರದ ಅರ್ಧದ ಕೊಯ್ದ ಅಂಚಿನಲ್ಲಿ, ಗೋಣಿದಾರದ ಕೆಳಗೆ, ಹೇಗೂ ಸಡಿಲಾಗಿ ನಿಂತ ಗಂಟುಗಳಲ್ಲಿ. ಒಂದು ಹಿಡಿ ಸಾಕು.

ಎರಡು ದಿನ ಯೋಚಿಸಿ ಅವನು ಬ್ರಹ್ಮಾವರದ ಬಸ್ಸು ಹತ್ತಿದ. ಸುಳ್ಳು ಹೇಳಲು ಬರುವುದಿಲ್ಲವಾದ್ದರಿಂದ ನೇರ ಕೇಳಿದ. ಸುಧಾಕರರು ಪೇಪರು ಕೆಳಗಿಡಲಿಲ್ಲ.

“ಯಾರಿಗೆ?”

“ಬೈಂದೂರು ಟೀಚರಿಗೆ.”

“ಅವ್ಳೇ ಹೇಳಿ ಕಳ್ಸದ್ದಾ?”

“ಇಲ್ಲ ಒಡೆಯಾ. ಅವ್ರಿಗ್ ಗೊತ್ತಿಲ್ಲ. ಕಂಬ್ಳಿಗ್ ಬೇಕ್ ಅಂತ ಬಂದೆ.”

“ಕಂಬ್ಳಿಗೆ!” ಎಂದು ಅವರು ಪೇಪರಿನ ಹಿಂದೆಯೇ ಮೂಗು ಮುರಿದರು. “ಹನ್ನೊಂದ್ ವರ್ಷ ಹುಳಕ್ ತಿನ್ಸಿ, ಈಗ ನನ್ನದ್ರಿಂದ ಕಿತ್ತ್ ಕೊಡ್ಕಾ? ಆತಿಲ್ಲ. ಹೋಯ್ ಬಾ.”

ಕುಷ್ಟ ಬಂದ ದಾರಿಗೆ ಸುಂಕವಿಲ್ಲ ಎಂದು ಮರಳಿದ. ಮನಸ್ಸಿಗೆ ಪಿಚ್ಚೆನಿಸಿತು. ಗಿರಾಕಿಯ ಜಗಳ ತನಗೆ ಸೇರಿದ್ದಲ್ಲ, ನಿಜ. ಆದರೆ ಕಟ್ಟೆಯ ಮೇಲೆ ಆ ಹಳದಿ ಹಕ್ಕಿಗಳು ಕೂರಲು ಮರವಿಲ್ಲದೆ ಹರಡಿಕೊಂಡಿರುವುದನ್ನು ಕಂಡಾಗಲೆಲ್ಲ ಬೆರಳು ತುರಿಸಿದಂತಾಗುತ್ತಿತ್ತು.

ಎಂಟನೆಯ ದಿನ ಓಮ್ನಿ ಬಂತು. ಸುಧಾಕರರು ಸುರುಳಿಯನ್ನು ತಾವೇ ಎಳೆದು ಇಳಿಸಿದರು. “ಎಷ್ಟ್ ಬೇಕೋ ಅಷ್ಟೇ ತಕೊ. ಅವ್ಳಿಗ್ ಹೇಳುಕಿಲ್ಲ. ನಿನ್ ಹೆಂಡ್ತಿಗಂತೂ ಹೇಳ್ಬೇಡ.”

ವನಜ ಅವರ ಹಿಂದೆಯೇ ನಿಂತಿದ್ದಳು.

ಮಾರನೆಯ ದಿನ ಅಮಾವಾಸ್ಯೆ, ಕಡಲು ಉಕ್ಕಿ ಹೊಳೆಗೆ ನುಗ್ಗುವ ದಿನ. ಬೆಳಿಗ್ಗೆ ವನಜ ನೀರು ಮುಕ್ಕಳಿಸಿ ಉಗಿದು, “ಉಪ್ಪ್ ಶುರುವಾಯ್ತ್ ಕಾಣಿ. ಇವತ್ತ್ ಮಧ್ಯಾಹ್ನಕ್ಕೆ ನೀರ್ ಬೇಶ್ ಏರತ್ತ್. ಕಟ್ಟೆ ಮೇಲ್ ಎಂತದೂ ಇಡ್ಬೇಡಿ,” ಎಂದಳು. ಕುಷ್ಟ ಹೂಂ ಎಂದ. ಆದರೆ ಬಣ್ಣಕ್ಕೆ ಬಣ್ಣ ಹೊಂದಿಸಿ ನೋಡಲು ಹಂಚಿನ ಮಾಡಿನ ಕೆಳಗಿನ ನೆರಳು ಸಾಲದು, ತೆರೆದ ಬೆಳಕು ಬೇಕು. ಹತ್ತು ನಿಮಿಷದ ಕೆಲಸ ಎಂದುಕೊಂಡು ಎರಡೂ ಅರ್ಧಗಳನ್ನು ಕಟ್ಟೆಯ ಮೇಲೆ ಅಂಚಿಗೆ ಅಂಚು ಹಾಸಿ, ಉಗುರಿನಲ್ಲಿ ಗೋಣಿದಾರ ಬಿಡಿಸತೊಡಗಿದ.

ಆಗ ಆಟೋ ಬಂತು. ಸುಗುಣ ಟೀಚರು ಕೆಲಸ ಎಲ್ಲಿಗೆ ಬಂತೆಂದು ನೋಡಲು ವಾರಕ್ಕೊಮ್ಮೆ ಬರುವವರು. ಮೊದಲೇ ತಿಳಿಸುವ ಅಭ್ಯಾಸ ಅವರಿಗಿರಲಿಲ್ಲ. ಕಟ್ಟೆಯವರೆಗೆ ಬಂದವರು ಅಲ್ಲೇ ನಿಂತರು. ಕುಂಡ, ಕಾಂಡ, ಕೊಂಬೆ, ಹಕ್ಕಿ, ಎಲ್ಲ ಒಟ್ಟಿಗೆ ಬಿಸಿಲಲ್ಲಿ ಮಲಗಿತ್ತು. ಅವರು ಚಪ್ಪಲಿ ಕಳಚಿದರು. ಅಳುತ್ತಾರೋ ಬೈಯುತ್ತಾರೋ ತಿಳಿಯದೆ ಕುಷ್ಟ ಎದ್ದು ನಿಂತ.

ಟೀಚರು ಬಗ್ಗಿ, ಗೇಣು ಹಾಕಿ ಅಳೆಯತೊಡಗಿದರು. ಮೊದಲು ತಮ್ಮ ಅರ್ಧ, ಆಮೇಲೆ ತಮ್ಮನದು. ಇನ್ನೊಮ್ಮೆ ಅಳೆದರು. ಎದ್ದು ನಿಂತಾಗ ಮುಖದಲ್ಲಿ ಎಂಥದೋ ಗೆಲುವು.

“ಕಂಡ್ರ್ಯಾ! ಅವಂದ್ ನಾಕ್ ಬೆರಳ್ ಜಾಸ್ತಿ ಇತ್ತ್! ನಾನ್ ಆವತ್ತೇ ಹೇಳಿದ್ದೆ. ಯಾರೂ ಕೇಣ್ಲಿಲ್ಲ!” ವನಜಳ ಕಡೆ ತಿರುಗಿದರು. “ನಿನ್ನ್ ಮೊಬೈಲಂಗೆ ಅವ್ನ ನಂಬ್ರ ಇತ್ತಾ?”

ಇತ್ತು. ವನಜ ಒತ್ತಿ ಕೊಟ್ಟೇ ಬಿಟ್ಟಳು.

“ಹಲೋ,” ಎಂದರು ಟೀಚರು. “ನಾನ್ ಅಕ್ಕ.” ಮೊಬೈಲನ್ನು ಇನ್ನೊಂದು ಕಿವಿಗೆ ಬದಲಿಸಿದರು. “ಕೇಣ್ತಾ? ನಿಂದ್ ನಾಕ್ ಬೆರಳ್ ಜಾಸ್ತಿ ಇತ್ತ್. ಗುಲ್ವಾಡಿಗ್ ಬಾ. ಅಳ್ದ್ ಕಾಣ್.”

ಮುಕ್ಕಾಲು ಗಂಟೆಯಲ್ಲಿ ಸುಧಾಕರರು ಬಂದರು. ಕೈಯಲ್ಲಿ ಬಡಗಿಯ ಟೇಪು. ಹನ್ನೊಂದು ವರ್ಷದ ಮೇಲೆ ಎದುರಾದ ಅಕ್ಕನಿಗೆ ನಮಸ್ಕಾರವಿಲ್ಲ, ಕ್ಷೇಮವಿಲ್ಲ. ಟೇಪಿನ ಒಂದು ತುದಿ ಚಾಚಿದರು. “ಹಿಡ್ಕೊ.” ಅಕ್ಕ ಹಿಡಿದರು.

“ಮೂರ್ ಬೆರಳ್. ನಾಕಲ್ಲ.”

“ನಿನ್ ಬೆರಳ್ ದಪ್ಪ.”

“ಮಡ್ಸದ್ದ್ ತಿಮ್ಮ. ನಾನಾ?”

“ಮಡ್ಸೊತ್ತಿಗ್ ಆ ತುದಿ ಹಿಡ್ಕಂಡದ್ ಯಾರ್?”

“ನೀನ್ ತುಂಡ್ ಮಾಡ್ ಅಂದದ್ದಲ್ದಾ?”

“ಅಂದೆ! ನೀನ್ ಆಯ್ಲಿ ಅಂದದ್ದೆಂತಕೆ?”

“ನೀನ್ ಹೇಳಿದ್ ಒಂದ್ ಮಾತ್ ನಾನ್ ಯಾವತ್ತಾರೂ ಮೀರಿದ್ನಾ?”

ಟೀಚರು ಟೇಪಿನ ತುದಿ ಬಿಟ್ಟುಬಿಟ್ಟರು. ಅಷ್ಟರಲ್ಲಿ ವನಜ ಕಿರುಚಿದಳು: “ನೀರ್! ನೀರ್ ಬಂತ್ ಮರಾಯ್ರೆ!”

ಜಗಳದ ಭರದಲ್ಲಿ ಯಾರೂ ನೋಡಿರಲಿಲ್ಲ. ಹೊಳೆ ಸದ್ದಿಲ್ಲದೆ ಕಟ್ಟೆ ಏರಿ, ಕಂಬಳಿಯ ಕೆಳಗಿನ ಅಂಚು ನೆಕ್ಕುತ್ತಿತ್ತು. ಅದೇ ಹೊತ್ತಿಗೆ ನಡುಹೊಳೆಯಲ್ಲಿ ಮರಳು ತುಂಬಿದ ಹೊಯಿಗೆಯ ದೋಣಿಯೊಂದು ಹಾದುಹೋಯಿತು. ಅದರ ಅಲೆ ಬಂದು ಕುಂಡವನ್ನೂ ಕಾಂಡವನ್ನೂ ಮುಳುಗಿಸಿ, ಹಿಂದೆ ಹೋಗುವಾಗ ಸುಧಾಕರರ ಅರ್ಧವನ್ನು ಒಂದು ಮೊಳ ಹೊಳೆಗೆಳೆಯಿತು. ಅವರು ಬೂಟು ಕಾಲಿನಲ್ಲೇ ನೀರಿಗಿಳಿದರು. ನೆನೆದ ಉಣ್ಣೆಯೆಂದರೆ ಹೆಣಭಾರ; ಒಬ್ಬರಿಂದ ಅಲುಗುವುದಿಲ್ಲ. ಕುಷ್ಟ ಓಡಿ ಒಂದು ಮೂಲೆ ಹಿಡಿದ. ಇನ್ನೊಂದು ಮೂಲೆಗೆ ಕೈ ಹಾಕಿದವರು ಟೀಚರು, ಸೀರೆ ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ.

“ಅಕ್ಕ, ನೀನ್ ಬಿಡ್! ಜಾರಿ ಬೀಳ್ತೆ!”

“ಬಾಯ್ ಮುಚ್ಕಂಡ್ ಎಳಿ ಮಾಣಿ!”

ಅರವತ್ತೊಂದರ ಮಾಣಿ ಬಾಯಿ ಮುಚ್ಚಿಕೊಂಡು ಎಳೆದರು. ಅದನ್ನು ಮಾಡಿನ ಕೆಳಗೆ ಹಾಕಿ, ಮತ್ತೆ ಓಡಿಬಂದು ಹಕ್ಕಿಗಳನ್ನೂ ಎತ್ತಿದರು. ನಾಲ್ವರೂ ನೆಲದ ಮೇಲೆ ಕೂತು ಏದುಸಿರು ಬಿಟ್ಟರು. ಟೇಪು ಹೊಳೆಗೆ ಹೋಗಿತ್ತು. ಸುಧಾಕರರ ಒಂದು ಬೂಟೂ ಹೋಗಿತ್ತು. ಅವರ ಒಂಟಿ ಕಾಲುಚೀಲ ನೋಡಿ ಟೀಚರಿಗೆ ನಗು ಬಂತು, ತಡೆದರು, ತಡೆಯಲಾಗದೆ ನಕ್ಕೇಬಿಟ್ಟರು. ಸುಧಾಕರರು ಮೊದಲು ಸಿಟ್ಟಿನಿಂದ ನೋಡಿ, ಆಮೇಲೆ ತಾವೂ ನಕ್ಕರು. ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು ಬಂತು. ಕುಷ್ಟ ಎದ್ದು, ಕೆಲಸವಿಲ್ಲದಿದ್ದರೂ ಬಾವಿಕಟ್ಟೆಯ ಕಡೆ ಹೋದ.

ಮರಳಿ ಬಂದಾಗ ತೀರ್ಮಾನವಾಗಿತ್ತು. “ಕುಷ್ಟ,” ಎಂದರು ಟೀಚರು, ತರಗತಿಯಲ್ಲಿ ಲೆಕ್ಕ ಕೊಡುವ ದನಿಯಲ್ಲಿ, “ಎರಡೂ ಸೇರ್ಸುಕ್ ಆತ್ತಾ?”

ಕುಷ್ಟ ಕೂಡಲೇ ಹೂಂ ಅನ್ನಲಿಲ್ಲ. ಕೊಯ್ದ ಅಂಚಿನಲ್ಲಿ ಉದ್ದಕ್ಕೆ ಹಾಯುವ ಹಾಸಿನ ದಾರ ಸಾವಿರದಿನ್ನೂರಕ್ಕೆ ಕಮ್ಮಿಯಿಲ್ಲ. ಒಂದೊಂದಕ್ಕೂ ಹೊಸ ನೂಲು ಕೊಟ್ಟು ಆಚೆಯ ದಾರಕ್ಕೆ ಗಂಟು ಹಾಕಬೇಕು, ಅದರ ಮೇಲೆ ಅಡ್ಡಕ್ಕೆ ಹೊಕ್ಕು ಹಾಯಿಸಬೇಕು, ಮತ್ತೆ ಉಣ್ಣೆಯ ಗಂಟು. ಮಜಗಾಂವ್‌ನಲ್ಲಿ ಮುದುಕ ಇಂಥದ್ದೊಂದು ಮಾಡಿದ್ದನ್ನು ಕಂಡಿದ್ದ, ತಾನು ಮಾಡಿರಲಿಲ್ಲ. “ಎರಡ್ ತಿಂಗ್ಳ್ ಕೊಡಿ,” ಎಂದ.

ಮೊದಲು ಉಪ್ಪು ತೆಗೆಯಬೇಕಿತ್ತು. ಹೊಳೆಯ ನೀರು ಕೆಟ್ಟದ್ದರಿಂದ ಬಾವಿಯಿಂದ ಸೇದಿ ಸೇದಿ ಐದು ಸಲ ತೊಳೆದರು. ಪ್ರತಿ ಸಲವೂ ಇಳಿದ ನೀರನ್ನು ವನಜ ನಾಲಿಗೆಗೆ ಮುಟ್ಟಿಸಿ, ಐದನೆಯದಕ್ಕೆ “ಸಾಕ್” ಎಂದಳು. ಆಮೇಲೆ ಕುಷ್ಟ ಮಾಡಿನ ಕೆಳಗೆ ಕಾಲು ಚಾಚಿ, ಅಂಚನ್ನು ಹೆಬ್ಬೆರಳಿಗೆ ಎಳೆದುಕೊಂಡು ಕೂತ. ಒಂದು ದಿನಕ್ಕೆ ಮೂವತ್ತು ದಾರ. ಕೆಲವು ದಿನ ಗಂಟು ಜಾರಿ ಇಪ್ಪತ್ತು. ಒಮ್ಮೆ ಪೂರ್ತಿ ಒಂದು ಗೇಣು ವಾರೆಯಾಗಿ ಕೂಡಿದ್ದನ್ನು ಕಂಡು ಎಲ್ಲ ಬಿಚ್ಚಿ, ಆ ಗೇಣನ್ನು ಮತ್ತೆ ಮೊದಲಿನಿಂದ ಕೂಡಿಸಿದ. ಟೀಚರು ವಾರಕ್ಕೊಮ್ಮೆ ಬಂದರು. ಈಗ ತಮ್ಮನ ಓಮ್ನಿಯೇ ಬೈಂದೂರಿಗೆ ಹೋಗಿ ಅವರನ್ನು ಕರೆತರುತ್ತಿತ್ತು.

ಕೊನೆಯ ಗಂಟು ಬಿಗಿದು, ಉಣ್ಣೆಯನ್ನು ಕತ್ತರಿಯಲ್ಲಿ ಸಮ ಮಾಡಿದ ಮಧ್ಯಾಹ್ನ ಕುಷ್ಟ ಹೆಂಡತಿಯನ್ನು ಕರೆದ. “ಹೆಣೆ, ಬಾ. ಇದ್ರ ಮೇಲ್ ಒಂದ್ಸಲ ಕೂಕೊ.”

“ಗಿರಾಕಿದ್ ಅಲ್ದಾ?”

“ಐದ್ ವರ್ಷದಂಗ್ ಒಂದ್ರ ಮೇಲೂ ಕೂಕಣ್ಲಿಲ್ಲ ನೀನ್. ಕೂಕೊ.”

ವನಜ ಕಾಲು ತೊಳೆದು ಬಂದು, ದಾಳಿಂಬೆಗಳ ನಡುವೆ ಕೂತಳು. ಅಂಗೈಯಿಂದ ಉಣ್ಣೆಯನ್ನು ಅತ್ತಿತ್ತ ಸವರಿದಳು.

ಏಪ್ರಿಲ್ ಕೊನೆಯ ಭಾನುವಾರ ಕಂಬಳಿ ಬೈಂದೂರಿಗೆ ಹೋಯಿತು. ಬೇಸಿಗೆ ಬೈಂದೂರಿನಲ್ಲಿ, ಮಳೆಗಾಲ ಬ್ರಹ್ಮಾವರದಲ್ಲಿ ಎಂದು ಒಪ್ಪಂದ. ಟೀಚರ ಮನೆಗೆ ಮಳೆಗಾಲದಲ್ಲಿ ಥಂಡಿ ಹಿಡಿಯುತ್ತದೆ. ಕುಷ್ಟನೂ ವನಜಳೂ ಓಮ್ನಿಯ ಹಿಂದಿನ ಸೀಟಿನಲ್ಲಿ ಸುರುಳಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೋದರು. ಊಟಕ್ಕೆ ಕಾಣೆ ಮೀನಿನ ಸಾರು, ಕೊಟ್ಟೆ ಕಡುಬು. ಸುಧಾಕರರು ಅಕ್ಕನ ಮನೆಯ ಮಣೆಯ ಮೇಲೆ ಕೂತು ಮೂರು ಸಲ ಬಡಿಸಿಕೊಂಡರು.

ಊಟವಾದ ಮೇಲೆ ಟೀಚರು ಬರಿಗಾಲಿನಲ್ಲಿ ಕಂಬಳಿಯ ಮೇಲೆ ಆಚೀಚೆ ನಡೆದರು. ನಡುವಿಗೆ ಬಂದು ನಿಂತರು. ಕಾಲಿನ ಬೆರಳಿಂದ ಏನನ್ನೋ ತಡವಿದರು.

“ಇಲ್ಲಿ ಒಂಚೂರ್ ಉಬ್ಬಿತ್ತ್ ಅಲ್ದಾ ಕುಷ್ಟ?”

ಕುಷ್ಟನ ಮುಖ ಸಣ್ಣಗಾಯಿತು. “ಅದ್ ಹೋತಿಲ್ಲ ಟೀಚರೆ. ಕಣ್ಣಿಗ್ ಕಾಂತಿಲ್ಲ, ಕಾಲಿಗ್ ಸಿಕ್ಕತ್ತ್. ಸಾವಿರದಿನ್ನೂರ್ ಗಂಟ್ ಒಳ್ಗಿತ್ತ್ ಕಾಣಿ.”

“ಇರ್ಲಿ,” ಎಂದರು ಟೀಚರು. ತಮ್ಮನನ್ನು ಕರೆದರು. “ಸುಧಾ, ಇಲ್ಲಿ ಕಾಲಿಟ್ ಕಾಣ್.” ಅವರು ಬಂದು ಪಕ್ಕದಲ್ಲಿ ಕಾಲಿಟ್ಟರು. ಇಬ್ಬರೂ ಆ ಉಬ್ಬಿನ ಉದ್ದಕ್ಕೆ, ಮಕ್ಕಳು ಗದ್ದೆಯ ಅಂಚಿನ ಮೇಲೆ ನಡೆಯುವಂತೆ, ನಿಧಾನಕ್ಕೆ ಈ ಬದಿಯಿಂದ ಆ ಬದಿಗೆ ನಡೆದರು.

ಆ ಬದಿ ಮುಟ್ಟಿದ್ದೇ ಸುಧಾಕರರು ಹೇಳಿದರು: “ಅಕ್ಕ, ಕುಂಡ ಬಾಗ್ಲ್ ಬದಿಗ್ ಇರ್ಕ್. ಅಪ್ಪಯ್ಯ ಹಾಂಗೇ ಹಾಸ್ತಿದ್ದದ್ದ್.”

“ಎಂತ ಬಾಗ್ಲ್ ಬದಿ? ಕಿಟ್ಕಿ ಬದಿಗ್ ಹಾಸ್ತಿದ್ದದ್ದ್!”

“ನಿಂಗ್ ಮರ್ತ್ ಹೋಯ್ತ್.”

“ನೀನ್ ಆಗ ಹುಟ್ಟಿ ಎಷ್ಟ್ ದಿನ ಆಯ್ದಿತ್?”

ವನಜ ಬಾಯಿ ತೆರೆಯುವ ಮೊದಲೇ ಕುಷ್ಟ ಅವಳ ಕೈ ಹಿಡಿದ. ಇಬ್ಬರೂ ಹಿಂದಿನ ಬಾಗಿಲಿನಿಂದ ಹೊರಬಿದ್ದು ಕುಂದಾಪುರದ ಬಸ್ಸಿಗೆ ಓಡಿದರು. ಗೇಟು ದಾಟುವಾಗಲೂ ಒಳಗಿನಿಂದ ಇಬ್ಬರ ದನಿ ಕೇಳುತ್ತಲೇ ಇತ್ತು.